ಹಾಲಿನ ಲೆಕ್ಕದ ಕ್ಯಾಲೆಂಡರ್ ಮತ್ತ ಅಂಗೈ ಅಗಲದ ಕಂಪ್ಯೂಟರ್

ನಮ್ಮ ಅಡಗಿಮನಿ ಬಾಗಲಾ ಹಿಂದ ಒಂದು ಕ್ಯಾಲೆಂಡರ್ ತೂಗಹಾಕೇವಿ. ಹಬ್ಬ-ಹುಣ್ಣಿವಿ ನೋಡೋ ಕ್ಯಾಲೆಂಡರ್ ಬ್ಯಾರೆ ಅದ, ಅದು ಪಡಸಾಲ್ಯಾಗಿರ್ತದ. ಇದು ಹಾಲಿನ ಲೆಕ್ಕದ್ದು. ಹಾಲು ಬರಲಿಲ್ಲಾ ಅಂದ್ರ ಆ ತಾರೀಖಿನ ಮ್ಯಾಲೆ ಅಡ್ಡಗೀಟು, ಅರ್ಧಾ ಲೀಟರ್ ಕಡಿಮಿ ಬಂತಂದ್ರ ಅರ್ಧಾ ಗೀಟು, ಹಬ್ಬಕ್ಕ ಹೆಚ್ಚಿಗಿ ತಗೊಂಡ್ರ ಒಂದು ಸೊನ್ನಿ. ನಲವತ್ತು ವರ್ಷ ಆತು, ನಮ್ಮ ಅತ್ಯಾ ಇದನ್ನ ಒಂದು ದಿನಾನೂ ತಪ್ಪಿಸಿಲ್ಲ. ತಿಂಗಳಾ ಕೊನಿಗೆ ಹಾಲಿನಾಂವ ಏನರೆ ಜಗಳಾ ತಗದ್ರ ಅತ್ಯಾ ಒಂದೂ ಮಾತಾಡೂದಿಲ್ಲ, ಕ್ಯಾಲೆಂಡರ್ ತಂದು ಅವನ ಮುಂದ ಹಿಡೀತಾರ. ಅಲ್ಲಿಗೆ ಮಾತು ಮುಗೀತು.

ಇವತ್ತ ನಾ ಹೇಳಬೇಕಂತ ಕೂತದ್ದು ಇಂಥಾದ್ದೇ ಇನ್ನೊಂದು ಲೆಕ್ಕದ ಕಥಿ. ಅದು ಹಾಲಿಂದಲ್ಲ, ಇಂಟರ್ನೆಟ್ಟಿಂದು.

ನಮ್ಮ ಮನ್ಯಾಗ ಹೋದ ವರ್ಷ ನಡದದ್ದು ನಿಮ್ಮೊಳಗ ಭಾಳ ಮಂದಿಗೆ ಗೊತ್ತದ. ನಮ್ಮ ನೆಗೆಣ್ಣಿ ಮಗಳದು ಕೆಲಸದ ಇಂಟರ್‌ವ್ಯೂ ಇತ್ತು, ಸಂಜಿ ಏಳಕ್ಕ, ಮನಿಯಿಂದನ, ಕಂಪ್ಯೂಟರ್ ಮುಂದ ಕೂತು. ಹತ್ತು ನಿಮಿಷಾಗೂದ್ರಾಗ ಎದುರಿನವರ ಮಾರಿ ಹಂಗ ನಿಂತು ಬಿಡ್ತು, ದನಿ ಕಡದು ಹೋತು. ಹೊಳ್ಳಿ ಹಚ್ಚೋದ್ರಾಗ ಅವರು ಮುಂದಿನವರನ್ನ ಕರದಿದ್ರು. ಹುಡುಗಿ ಅಳಕೋತ ಕೂತಳು. ನಮ್ಮ ಭಾವಾವ್ರು, ಅಂದ್ರ ಅಕಿ ಅಪ್ಪನ, "ಹಗಲೆಲ್ಲಾ ಆ ರೀಲ್ಸ್ ನೋಡಿ ನೋಡಿ ನೆಟ್ ಎಲ್ಲಾ ತಿಂದು ಹಾಕ್ತಾಳ, ಕೆಲಸದ ಹೊತ್ತಿಗೆ ಎಲ್ಲಿಂದ ಬರಬೇಕು" ಅಂದುಬಿಟ್ರು. ನೆಟ್ಟಿನ ಕಂಪನಿಗೆ ಫೋನ್ ಹಚ್ಚಿದ್ರ ಅವರದು ಒಂದ ಮಾತು: "ನಮ್ಮ ಕಡೆಯಿಂದ ಎಲ್ಲಾ ಬರೊಬ್ಬರಿ ಅದ ಮೇಡಂ, ನಿಮ್ಮ ಮನಿಯೊಳಗ ಏನೋ ಆಗಿರಬೇಕು."

ಹೊರಗಿನವರು ನಮ್ಮ ಮನಿ ಮ್ಯಾಲೆ ಹಾಕಿದ್ರು, ಮನಿಯವರು ಹುಡುಗಿ ಮ್ಯಾಲೆ ಹಾಕಿದ್ರು. ಅಕಿ ಕಡೆ ಕ್ಯಾಲೆಂಡರ್ ಇರಲಿಲ್ಲ.

ಮುಂದಿನ ರವಿವಾರ ನನ್ನ ಮಗಾ ಒಂದು ಸಣ್ಣ ಡಬ್ಬಿ ತಂದ. ತಗದು ತೋರಿಸಿದ್ರ ಒಳಗ ಒಂದು ಹಸರು ಬಣ್ಣದ ಹಲಗಿ, ಅಂಗೈಯಾಗ ಹಿಡೀತದ, ಉದ್ದ 85 ಮಿಲಿಮೀಟರ್, ಅಗಲ 56. "ಇದು ಪೂರಾ ಕಂಪ್ಯೂಟರ್ ಅವ್ವಾ, ರಾಸ್ಪ್‌ಬೆರಿ ಪೈ ಅಂತಾರ. ಇದನ್ನ ಕಾವಲಿಗೆ ಕೂಡಸ್ತೀನಿ, ನೆಟ್ ಯಾವಾಗ ಹೋತು, ಯಾವಾಗ ಬಂತು, ಎಲ್ಲಾ ಬರಕೋತದ" ಅಂದ. "ಅಂದ್ರ ಹಾಲಿನ ಕ್ಯಾಲೆಂಡರ್" ಅಂದ್ರು ಅತ್ಯಾ. ಅವಾ ನಕ್ಕ. ಆದ್ರ ಅತ್ಯಾ ಹೇಳಿದ್ದು ಖರೇ ಇತ್ತು. ಈ ಕಾವಲಿನ ವಿದ್ಯಾ ಎಲ್ಲಿಂದ ಬಂತು ಅಂತ ನಾನೂ ಅವನ್ನ ಕೇಳಿ, ಓದಿ ತಿಳಕೊಂಡೆ. ಅದನ್ನ ನಿಮಗೂ ಹೇಳ್ತೀನಿ, ಯಾಕಂದ್ರ ಅದರಾಗ ಇರೋರೆಲ್ಲಾ ನಮ್ಮಂಗ ತಮ್ಮ ತಮ್ಮ ತ್ರಾಸಿಗೆ ತಾವ ಉಪಾಯ ಮಾಡಿಕೊಂಡವರು.

ಮೊದಲನೇ ಕಥಿ 1983ರದು, ಅಮೆರಿಕಾದ ಮೇರಿಲ್ಯಾಂಡಿಂದು. ಅಲ್ಲೆ ಸೈನ್ಯದ ಒಂದು ಸಂಶೋಧನಾ ಲ್ಯಾಬಿನ್ಯಾಗ ಮೈಕ್ ಮಸ್ ಅನ್ನಾಂವ ಕೆಲಸಾ ಮಾಡ್ತಿದ್ದ. ಡಿಸೆಂಬರದಾಗ ಅವರ ಕಂಪ್ಯೂಟರ್ ಜಾಲ ಏನೇನೋ ಆಟಾ ಆಡ್ಲಿಕ್ಕೆ ಹತ್ತಿತು. ದೋಷ ಎಲ್ಲಿ ಅದ ತಿಳೀಬೇಕಲ್ಲ? ಅವಾ ಒಂದ ಸಂಜಿಯೊಳಗ ಒಂದು ಸಣ್ಣ ಪ್ರೋಗ್ರಾಮ್ ಬರದ. ಅದರ ಕೆಲಸ ಇಷ್ಟ: ಇನ್ನೊಂದು ಕಂಪ್ಯೂಟರಿಗೆ "ಇದ್ದೀ ಏನಪಾ?" ಅಂತ ಕೂಗೋದು, ಅದು "ಇದ್ದೀನಿ" ಅಂದ್ರ ಎಷ್ಟು ಹೊತ್ತಿಗೆ ಉತ್ತರಾ ಬಂತು ಅಂತ ನೋಡೋದು. ಸಮುದ್ರದೊಳಗ ಸಬ್‌ಮರೀನ್‌ದವರು ಸಪ್ಪಳಾ ಮಾಡಿ ಅದರ ಪ್ರತಿಧ್ವನಿಯಿಂದ ಎದುರಿಗೆ ಏನದ ಅಂತ ತಿಳಕೋತಾರಲ್ಲ, ಆ ಸಪ್ಪಳದ ಮ್ಯಾಲೆನ ಅದಕ್ಕ 'ಪಿಂಗ್' ಅಂತ ಹೆಸರಿಟ್ಟ. ಇವತ್ತಿಗೂ ಜಗತ್ತಿನ್ಯಾಗ ಜಾಲ ನೋಡಿಕೊಳ್ಳೋರು ಮೊದಲು ಬಳಸೋದು ಅದನ್ನ. ಮೈಕ್ ಮಸ್ 2000ದ ನವೆಂಬರದಾಗ ರಸ್ತೆ ಅಪಘಾತದಾಗ ತೀರಿಕೊಂಡ. ಇನ್ನೂ 42 ವರ್ಷ ಅವಂಗ.

ಅವಾ ಹೇಳತಿದ್ದ ಒಂದು ಸಂಗತಿ ನಂಗ ಭಾಳ ಸೇರ್ತು. ಯಾರದೋ ಆಫೀಸಿನ್ಯಾಗ ಎಲ್ಲೋ ಒಂದು ವಯರ್ ಸಡಲಾಗಿತ್ತಂತ, ಎಲ್ಲಿ ಅಂತ ತಿಳೀಲೊಲ್ದು. ಜಾಲ ನೋಡಿಕೊಳ್ಳಾಂವ ಏನು ಮಾಡಿದ, ಒಂದೊಂದು ಉತ್ತರಾ ಬಂದಾಗೂ ಕಂಪ್ಯೂಟರ್ "ಪಿಂಗ್, ಪಿಂಗ್" ಅಂತ ಬಾಯಿಬಿಟ್ಟು ಒದರೂ ಹಂಗ ಮಾಡಿ, ಅದನ್ನ ಸ್ಪೀಕರಿಗೆ ಹಚ್ಚಿ ಜೋರು ದನಿ ಇಟ್ಟ. ಆಮ್ಯಾಲೆ ಆಫೀಸ್ ತುಂಬಾ ಅಡ್ಡಾಡಿ ಒಂದೊಂದ ವಯರ್ ಅಳ್ಳಾಡಿಸಿದ. ಯಾವುದನ್ನ ಅಳ್ಳಾಡಿಸಿದಾಗ ದನಿ ನಿಂತಿತೋ ಅದ ಕೆಟ್ಟ ವಯರ್! ನಾವು ಪಡಸಾಲ್ಯಾಗ ಕೂತು ಅಡಗಿಮನಿ ಕುಕ್ಕರಿನ ಸೀಟಿ ಎಣಸ್ತೇವಲ್ಲ, ಅದ ಜಾಣತನ ಅನಸ್ತು ನಂಗ.

ಎರಡನೇ ಕಥಿ ಇಂಗ್ಲಂಡಿನ ಕೇಂಬ್ರಿಡ್ಜಿಂದು, 1991ರದು, ಮತ್ತ ಅದು ಖರೇನ ಅಡಗಿಮನಿ ಕಥಿ. ಅಲ್ಲಿಯ ವಿಶ್ವವಿದ್ಯಾಲಯದ ಕಂಪ್ಯೂಟರ್ ಲ್ಯಾಬಿನ್ಯಾಗ ಟ್ರೋಜನ್ ರೂಮ್ ಅಂತ ಒಂದು ಖೋಲಿ ಇತ್ತು, ಅದರ ಹೊರಗ ಎಲ್ಲಾರಿಗೂ ಕೂಡೆ ಒಂದ ಕಾಫಿ ಪಾತ್ರಿ. ಬ್ಯಾರೆ ಮಜಲಿನ್ಯಾಗ ಕೂತವರು ಪಾವಟಣಿಗಿ ಇಳದು ಬರೂದ್ರಾಗ ಕಾಫಿ ಮುಗದಿರ್ತಿತ್ತು. ಕ್ವೆಂಟಿನ್ ಸ್ಟಾಫರ್ಡ್-ಫ್ರೇಜರ್ ಮತ್ತ ಪಾಲ್ ಜಾರ್ಡೆಟ್ಸ್ಕಿ ಅನ್ನೋ ಇಬ್ಬರು ಪಾತ್ರಿ ಮುಂದ ಒಂದು ಕ್ಯಾಮೆರಾ ಇಟ್ಟು, ಅದರ ಚಿತ್ರ ಎಲ್ಲಾರ ಕಂಪ್ಯೂಟರಿಗೂ ಬರೂ ಹಂಗ ಮಾಡಿದ್ರು. ಸಣ್ಣ ಕಪ್ಪು-ಬಿಳಿ ಚಿತ್ರ, ನಿಮಿಷಕ್ಕ ಮೂರು ಸಲ ಬದಲಾಗ್ತಿತ್ತು. ಪಾತ್ರಿ ತುಂಬೇದೋ ಖಾಲಿ ಅದನೋ ಅಂತ ಕೂತಲ್ಲೇ ತಿಳೀತಿತ್ತು. 1993ರಾಗ ಅದು ಜಗತ್ತಿಗೆಲ್ಲಾ ಕಾಣೂ ಹಂಗ ಆತು. ಯಾವ್ಯಾವ ದೇಶದ ಮಂದಿ ಕೇಂಬ್ರಿಡ್ಜಿನ ಕಾಫಿ ನೋಡಿದ್ರು! ಲ್ಯಾಬ್ ಹೊಸಾ ಕಟ್ಟಡಕ್ಕ ಹೋಗೂ ಮುಂದ, 2001ರ ಆಗಸ್ಟ್ 22ಕ್ಕ ಆ ಕ್ಯಾಮೆರಾ ಬಂದ್ ಮಾಡಿದ್ರು. ಆ ಕೆಟ್ಟ ಕಾಫಿ ಯಂತ್ರ ಹರಾಜಿನ್ಯಾಗ 3,350 ಪೌಂಡಿಗೆ ಹೋತು. ಕೇಂಬ್ರಿಡ್ಜ್ ಹೆಸರು ನೆನಪಿಡ್ರಿ, ಅಲ್ಲಿಗೆ ಇನ್ನೊಮ್ಮೆ ಬರಬೇಕದ.

ಮೂರನೇದು ಟೋಬಿಯಸ್ ಓಟಿಕರ್ ಅನ್ನಾಂವಂದು. 1994ರಾಗ ಅವಾ ಇಂಗ್ಲಂಡಿನ ಲೆಸ್ಟರಿನ ಡಿ ಮಾಂಟ್‌ಫೋರ್ಟ್ ವಿಶ್ವವಿದ್ಯಾಲಯದಾಗಿದ್ದ. ಹೊರ ಜಗತ್ತಿಗೆ ಅವರಿಗಿದ್ದದ್ದು 64 ಕಿಲೋಬಿಟ್ಟಿನ ಒಂದ ಲೈನು. ನಮ್ಮ ಮೊಬೈಲಿನ್ಯಾಗ ಅಷ್ಟರಲ್ಲೆ ಒಂದು ಫೋಟೋನೂ ಲಗೂ ತೆರಕೊಳ್ಳೂದಿಲ್ಲ. ಓಣಿಗೆಲ್ಲಾ ಒಂದ ನಳ ಇದ್ದಂಗ ಅದು: ನೀರು ಎಷ್ಟು ಬರ್ಲಿಕ್ಕೆ ಹತ್ತೇದ ಅಂತ ಎಲ್ಲಾರೂ ಕೇಳೋರ. ಕೇಳಿ ಕೇಳಿ ಬ್ಯಾಸರಾಗಿರಬೇಕು, ಐದೈದು ನಿಮಿಷಕ್ಕ ಲೈನಿನ ಲೆಕ್ಕಾ ತಗೊಂಡು ತಾನ ಗ್ರಾಫ್ ಬರಿಯೋ ಒಂದು ಪ್ರೋಗ್ರಾಮ್ ಮಾಡಿ ಎಲ್ಲಾರಿಗೂ ಕಾಣೂ ಹಂಗ ಇಟ್ಟ. ಎಂಆರ್‌ಟಿಜಿ ಅಂತ ಅದರ ಹೆಸರು. 1995ರಾಗ ಅದನ್ನ ಜಗತ್ತಿಗೆ ಪುಕ್ಕಟೆ ಬಿಟ್ಟ. ಅದ ವರ್ಷ ಆಗಸ್ಟ್ 15ಕ್ಕ ನಮ್ಮ ದೇಶದಾಗ ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್ನೆಟ್ ಕೊಡ್ಲಿಕ್ಕೆ ಸುರು ಮಾಡಿತು. ನಮಗ ನಳ ಬರೂ ಹೊತ್ತಿಗೆ ಅಲ್ಲೆ ನೀರಿನ ಲೆಕ್ಕದ ವಹಿ ತಯಾರಾಗಿತ್ತು ಅನ್ರಿ.

ಲೆಕ್ಕಾ ಬರಕೋತ ಹೋದ್ರ ವಹಿ ತುಂಬ್ತದಲ್ಲ? ಅದಕ್ಕೂ ಓಟಿಕರ್ 1999ರಾಗ ಆರ್‌ಆರ್‌ಡಿಟೂಲ್ ಅಂತ ಒಂದು ಯುಕ್ತಿ ಮಾಡಿದ. ಇವತ್ತಿಂದು ನಿಮಿಷ ನಿಮಿಷದ ಲೆಕ್ಕಾ, ಹೋದ ತಿಂಗಳದ್ದು ತಾಸಿನ ಲೆಕ್ಕಾ, ಹೋದ ವರ್ಷದ್ದು ದಿನದ ಲೆಕ್ಕಾ, ಹಿಂಗ ಹಳೇದನ್ನ ಸಂಕ್ಷೇಪ ಮಾಡಿಕೋತ ಹೋಗ್ತದ, ವಹಿ ಎಂದೂ ದೊಡ್ಡದಾಗೂದಿಲ್ಲ. ಮನಷ್ಯಾರ ನೆನಪೂ ಹಂಗ ಅಲ್ಲೇನು? ನಿನ್ನಿ ಜಗಳ ಮಾತು ಮಾತಿಗೂ ನೆನಪಿರ್ತದ, ಹತ್ತು ವರ್ಷದ ಹಿಂದಿಂದು "ಅವರು ಭಾಳ ಅಂದಿದ್ರು" ಅಂತ ಅಷ್ಟ ಉಳೀತದ.

ಗ್ರಾಫ್ ಬಂತು ಖರೇ, ಆದ್ರ ಅದರ ಮುಂದ ಯಾರು ಕೂಡಬೇಕು? ಹಾಲು ಉಕ್ಕಿದಾಗ ಒಲಿ ಮುಂದ ಇದ್ದವರಿಗಷ್ಟ ಗೊತ್ತಾಗ್ತದ. ಏನರೆ ಕೆಟ್ರ ತಾನ ಬಂದು ಹೇಳೂ ಅಂಥಾದ್ದು ಬೇಕಿತ್ತು. ಅಮೆರಿಕಾದ ಈಥನ್ ಗಾಲ್‌ಸ್ಟಾಡ್ 1999ರಾಗ 'ನೆಟ್‌ಸೇಂಟ್' ಅಂತ ಒಂದನ್ನ ಹೊರಗ ತಂದ. ಸೇಂಟ್ ಅಂದ್ರ ಸಂತ. ಅದು ಸರದಿ ಪ್ರಕಾರ ಎಲ್ಲಾ ಯಂತ್ರಗಳ ಬಾಗಲಾ ಬಡದು ನೋಡ್ತಿತ್ತು, ಉತ್ತರಾ ಬರಲಿಲ್ಲಂದ್ರ ಸಂಬಂಧಪಟ್ಟವರಿಗೆ ಸುದ್ದಿ ಮುಟ್ಟಸ್ತಿತ್ತು. ಆ ಹೆಸರಿಗೆ ಟ್ರೇಡ್‌ಮಾರ್ಕಿನ ತಕರಾರು ಬಂತು, 2002ರಾಗ ಹೆಸರು 'ನಾಗಿಯೋಸ್' ಆತು. ಗ್ರೀಕಿನ್ಯಾಗ 'ಆಗಿಯೋಸ್' ಅಂದ್ರನೂ ಸಂತನ. ಆ ಅಕ್ಷರಗಳನ್ನ ಬಿಡಿಸಿದ್ರ "ಇನ್ನ ಮ್ಯಾಲೆ ಸಂತನ ಪದವಿ ಬೇಕಂತ ಹಟಾ ಮಾಡೂದಿಲ್ಲ" ಅನ್ನೂ ಅರ್ಥದ ಚ್ಯಾಷ್ಟಿ ಬರ್ತದ.

ಇಲ್ಲೀತನಕಾ ಇದೆಲ್ಲಾ ದೊಡ್ಡ ಆಫೀಸು, ವಿಶ್ವವಿದ್ಯಾಲಯದವರ ಕೆಲಸ. ಮನ್ಯಾಗ ಮಾಡಬೇಕಂದ್ರ ಒಂದು ಕಂಪ್ಯೂಟರ್ ಹಗಲೂ ರಾತ್ರಿ ಹಚ್ಚಿಡಬೇಕು. ಬರೇ 60 ವ್ಯಾಟ್ ತಿಂದ್ರೂ ತಿಂಗಳಿಗೆ 43 ಯೂನಿಟ್ ಆತು. ಯಾವ ಅತ್ಯಾ ಒಪ್ಪತಾರ ಹೇಳ್ರಿ?

ಈಗ ಹೊಳ್ಳಿ ಕೇಂಬ್ರಿಡ್ಜಿಗೆ ಬರೋಣು. ಆ ಕಾಫಿ ಪಾತ್ರಿದ ಕಂಪ್ಯೂಟರ್ ಲ್ಯಾಬಿನ್ಯಾಗನ ಎಬೆನ್ ಅಪ್ಟನ್ ಮತ್ತ ಅವನ ಜೋಡಿದವರಿಗೆ 2006ರ ಸುಮಾರಿಗೆ ಒಂದು ಚಿಂತಿ ಹತ್ತಿತು. ಕಂಪ್ಯೂಟರ್ ಓದ್ಲಿಕ್ಕೆ ಬರೂ ಹುಡುಗರೂ ಕಡಿಮಿ ಆಗಿದ್ರು, ಬಂದವರಿಗೂ ಮದಲಿನವರ ಹಂಗ ಕೈಲೆ ಪ್ರೋಗ್ರಾಮ್ ಬರದು ರೂಢಿ ಇರಲಿಲ್ಲ. ಮನಿ ಕಂಪ್ಯೂಟರ್ ತುಟ್ಟಿ, ಹುಡುಗರು ಕೆಡಸ್ತಾರಂತ ಯಾರೂ ಮುಟ್ಟಗೊಡೂದಿಲ್ಲ. ಹುಡುಗರು ಕೆಡಿಸಿದ್ರೂ ಹೊಟ್ಟಿ ಉರೀಬಾರದು, ಅಷ್ಟು ಸೋವಿದು ಒಂದು ಬೇಕು ಅಂತ ಅವರ ವಿಚಾರ. 2012ರ ಫೆಬ್ರುವರಿ 29ಕ್ಕ ರಾಸ್ಪ್‌ಬೆರಿ ಪೈ ಮಾರಾಟಕ್ಕ ಬಂತು. 35 ಡಾಲರ್, ಆಗಿನ ಲೆಕ್ಕದಾಗ ಸುಮಾರು 1,700 ರೂಪಾಯಿ. ಮೊದಲನೇ ದಿನಾನ ಮಂದಿ ಮುಗಿಬಿದ್ದು ಮಾರೋ ಅಂಗಡಿಗಳ ವೆಬ್‌ಸೈಟುಗಳ ಕುಸದು ಬಿದ್ವು. 2016ರ ಸೆಪ್ಟೆಂಬರಿಗೆ ಒಂದು ಕೋಟಿ ಮಾರಾಟ ಆಗಿದ್ವು.

ಹುಡುಗರ ಸಲುವಾಗಿ ಮಾಡಿದ್ದನ್ನ ದೊಡ್ಡವರು ಕಸಗೊಂಡ್ರು. ಮೊದಲನೇ ಪೈಗೆ ಬೇಕಾಗತಿದ್ದದ್ದು ಮೂರೂವರಿ ವ್ಯಾಟ್. ತಿಂಗಳಿಡೀ ಹಚ್ಚಿಟ್ರೂ ಎರಡೂವರಿ ಯೂನಿಟ್. ಒಳಗ ಫ್ಯಾನಿಲ್ಲ, ಸಪ್ಪಳಿಲ್ಲ. ಪಿಂಗ್ ಮಾಡೋದು, ಬಾಗಲಾ ಬಡಿಯೋದು, ಗ್ರಾಫ್ ಬರಿಯೋದು, ಇವೆಲ್ಲಾ ಸಣ್ಣ ಸಣ್ಣ ಕೆಲಸ. ಅದಕ್ಕ ದೊಡ್ಡ ಯಂತ್ರ ಬೇಕಾಗಿರಲಿಲ್ಲ, ನಿದ್ದಿ ಮಾಡಲಾರದ ಯಂತ್ರ ಬೇಕಾಗಿತ್ತು. ನಾಗಿಯೋಸ್, ಎಂಆರ್‌ಟಿಜಿ ಎಲ್ಲಾ ಈ ಹಲಗಿ ಮ್ಯಾಲೆ ಆರಾಮ ನಡದ್ವು.

ನನ್ನ ಮಗಾ ಹಾಕಿದ್ದು 'ಸ್ಮೋಕ್‌ಪಿಂಗ್' ಅನ್ನೋದು. ಅದೂ ಓಟಿಕರಂದ. ಐದು ನಿಮಿಷಕ್ಕ ಇಪ್ಪತ್ತು ಸಲ ಕೂಗಿ ನೋಡ್ತದ. ಎಲ್ಲಾ ಉತ್ತರಾ ಬಂದ್ರ ಹಸರು ಗೆರಿ, ಕಳಕೊಂಡಂಗ ಬಣ್ಣ ಬದಲಾಗಿ ಕೆಂಪು, ಒಂದೂ ಬರಲಿಲ್ಲಂದ್ರ ಜಾಗಾ ಖಾಲಿ. ಉತ್ತರಾ ಹಿಂದ-ಮುಂದ ಬಂದ್ರ ಗೆರಿ ಸುತ್ತ ಬೂದಿ ಬಣ್ಣದ ಹೊಗಿ ಕಾಣ್ತದ, ಅದಕ್ಕ ಆ ಹೆಸರು. ಅವಾ ಎರಡು ಕಡೆ ಕೂಗೂ ಹಂಗ ಮಾಡಿದ: ಒಂದು ನಮ್ಮ ಮನಿ ರೌಟರಿಗೆ, ಇನ್ನೊಂದು ಹೊರಗ ದೂರದ ಒಂದು ಕಂಪ್ಯೂಟರಿಗೆ. ಮನಿ ರೌಟರ್ ಉತ್ತರಾ ಕೊಟ್ಟು ಹೊರಗಿಂದು ಕೊಡಲಿಲ್ಲಂದ್ರ ದೋಷ ಹೊಸ್ತಿಲದಾಚೆ. ಎರಡೂ ಕೊಡಲಿಲ್ಲಂದ್ರ ದೋಷ ನಮ್ಮ ಮನ್ಯಾಗ.

ಹದಿನೈದು ದಿನಾ ಆದ ಮ್ಯಾಲೆ ಎಲ್ಲಾರೂ ಕೂತು ನೋಡಿದ್ವಿ. ಎರಡು ಸಂಗತಿ ಕಂಡ್ವು.

ಒಂದು, ದಿನಾ ಮಧ್ಯಾಹ್ನ ಎರಡರಿಂದ ನಾಕರ ತನಕಾ ಎರಡೂ ಗೆರಿ ಖಾಲಿ. ಯಾಕಿರಬೇಕು ಅಂತ ನಾವು ತಲಿ ಕೆಡಿಸಿಕೊಳ್ಳೂದ್ರಾಗ ಅತ್ಯಾನ ಅಂದ್ರು, "ಮಲಗೂ ಮುಂದ ಆ ಕೆಂಪು ದೀಪದ ಡಬ್ಬಿ ಬಂದ್ ಮಾಡ್ತೀನಿ. ಸುಮ್ಮನ ಕರೆಂಟ್ ಯಾಕ ಸುಡಬೇಕು?" ಹಾಲಿನ ಲೆಕ್ಕಾ ಇಡೋ ಅತ್ಯಾನ ಸಿಕ್ಕಿಬಿದ್ದಿದ್ರು! ನಕ್ಕೂ ನಕ್ಕೂ ಸಾಕಾತು.

ಇನ್ನೊಂದಕ್ಕ ಯಾರೂ ನಗಲಿಲ್ಲ. ಸಂಜಿ ಆರೂವರಿಯಿಂದ ಒಂಬತ್ತರ ತನಕಾ, ದಿನಾ, ಮನಿ ರೌಟರಿನ ಗೆರಿ ಹಸರು, ಹೊರಗಿಂದು ಕೆಂಪು. ಭಾವಾವ್ರು ಅಂದ್ರು, "ಆ ಹೊತ್ತಿನ್ಯಾಗ ಇಕಿ ವಿಡಿಯೋ ನೋಡ್ತಿರ್ತಾಳ, ಅದಕ್ಕ." ಆ ಮಾತು ಪೂರಾ ಸುಳ್ಳಂತೂ ಅಲ್ಲ. ಮನ್ಯಾಗ ಯಾರರೆ ಲೈನ್ ತುಂಬಾ ತುಂಬಿಸಿದ್ರ ಹಿಂಗ ಆಗಬಹುದು ಅಂತ ಮಗಾನೂ ಒಪ್ಪಿದ. ಆಮ್ಯಾಲೆ ತಾರೀಖು ನೋಡಿದ್ವಿ. ಆ ಹದಿನೈದು ದಿನದಾಗ ಹುಡುಗಿ ಮೂರು ದಿನಾ ಧಾರವಾಡಕ್ಕ ಅಜ್ಜಿ ಕಡೆ ಹೋಗಿದ್ಲು. ಆ ಮೂರೂ ಸಂಜಿ ಗೆರಿ ಅಷ್ಟ ಕೆಂಪಿತ್ತು. ಮರುದಿನಾ ಸಂಜಿ ಎಲ್ಲಾರ ಮೊಬೈಲಿನ ವೈಫೈ ಬಂದ್ ಮಾಡಿ ಕೂತು ನೋಡಿದ್ವಿ. ಆಗೂ ಕೆಂಪು.

ಭಾವಾವ್ರು ಸುಮ್ಮನಾದ್ರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದ್ರು, "ಇದರಾಗ ಯಾರು ಏನು ನೋಡ್ತಾರ ಅದೂ ಗೊತ್ತಾಗ್ತದೇನು?"

ಖೋಲಿಯೊಳಗ ಯಾರೂ ಮಾತಾಡಲಿಲ್ಲ. ಹುಡುಗಿ ಮಾರಿ ನೋಡ್ಲಿಕ್ಕೆ ಆಗ್ತಿರಲಿಲ್ಲ. ಮಗಾ ಅಂದ, "ಇದರಾಗ ಗೊತ್ತಾಗೂದಿಲ್ಲ ಕಾಕಾ. ಬ್ಯಾರೆ ಸಾಫ್ಟ್‌ವೇರ್ ಹಾಕಿದ್ರ ಯಾವ ಮೊಬೈಲು ಯಾವ ವೆಬ್‌ಸೈಟಿಗೆ ಹೋತು ಅಂತ ಹೆಸರು ಗೊತ್ತಾಗಬಹುದು. ಈ ಹಲಗಿ ಮ್ಯಾಲೆ ಅದೂ ನಡೀತದ." ಅವಾ ಖರೇ ಹೇಳಿದ, ಮುಚ್ಚಿಡಲಿಲ್ಲ. ಉತ್ತರಾ ಕೊಟ್ಟವರು ಅತ್ಯಾ: "ಹಾಲು ಬಂತೋ ಇಲ್ಲೋ ಅದನ್ನ ಬರೀಬೇಕಪಾ. ಮನ್ಯಾಗ ಯಾರು ಎಷ್ಟು ಕುಡದ್ರು ಅಂತ ನಾ ಎಂದೂ ಬರದಿಲ್ಲ."

ಅಲ್ಲಿಗೆ ಆ ಮಾತು ನಿಂತಿತು. ನಾ ಆಮ್ಯಾಲೆ ಭಾಳ ವಿಚಾರ ಮಾಡಿದೆ. ಮೈಕ್ ಮಸ್ಸನ ಪಿಂಗ್ ಕೇಳಿದ್ದು "ಇದ್ದೀ ಏನು" ಅಂತ ಅಷ್ಟ. ಓಟಿಕರ್ ಎಣಿಸಿದ್ದು ನೀರು ಎಷ್ಟು ಬಂತು ಅಂತ, ಯಾರು ಕುಡದ್ರು ಅಂತ ಅಲ್ಲ. ಕೇಂಬ್ರಿಡ್ಜಿನ ಕ್ಯಾಮೆರಾ ನೋಡಿದ್ದು ಪಾತ್ರಿನ. ಬಾಗಲಾ ಬಡದು ಇದ್ದಾರೋ ಇಲ್ಲೋ ಕೇಳೋದು ಬ್ಯಾರೆ, ಕೀಲಿ ತೂತಿನಿಂದ ಒಳಗ ಇಣಕೋದು ಬ್ಯಾರೆ. ಯಂತ್ರ ಒಂದ, ಆದ್ರ ಏನು ಬರೀಬೇಕು ಅಂತ ಠರಾಯಿಸೋದು ಮನಿಯವರು. ನಿಮ್ಮ ಮನ್ಯಾಗೂ ಇಂಥಾದ್ದು ತಂದ್ರ ಈ ಮಾತು ಮದಲ ಆಡಿ ಮುಗಿಸ್ರಿ.

ಕಾವಲುಗಾರಂಗೂ ಕೆಲವು ಕೊರತಿ ಅವ, ಅದನ್ನೂ ಹೇಳಿಬಿಡ್ತೀನಿ. ಕರೆಂಟ್ ಹೋದ್ರ ಅದೂ ಮಲಗ್ತದ, ಅದಕ್ಕ ನಾವು ಇನ್ವರ್ಟರಿನ ಪ್ಲಗ್ಗಿಗೆ ಹಚ್ಚೇವಿ. ಸೋವಿ ಆಗಲೆಂತ ಅದರಾಗ ಬ್ಯಾಟರಿ ಗಡಿಯಾರ ಹಾಕಿಲ್ಲ, ನಮ್ಮದರಾಗಂತೂ ಇಲ್ಲ. ಹೊತ್ತೆಷ್ಟು ಅಂತ ನೆಟ್ಟಿನ ಮ್ಯಾಲೆ ಕೇಳಿ ತಿಳಕೋತದ, ಕರೆಂಟೂ ನೆಟ್ಟೂ ಕೂಡೇ ಹೋಗಿ ಬಂದ್ರ ಸ್ವಲ್ಪ ಹೊತ್ತು ತಪ್ಪು ವ್ಯಾಳ್ಯಾ ಬರೀತದ. ಇನ್ನ ಎಲ್ಲಾ ಬರಿಯೋದು ಒಂದು ಸಣ್ಣ ಮೆಮರಿ ಕಾರ್ಡಿನ ಮ್ಯಾಲೆ. ಒಂದ ಸವನ ಬರದ್ರ ಆ ಕಾರ್ಡ್ ಸವೀತದ, ನಕಲು ತಗದಿಟ್ಟಿರಬೇಕು.

ಆ ಹದಿನೈದು ದಿನದ ಗ್ರಾಫ್ ಪ್ರಿಂಟ್ ತಗದು ನೆಟ್ಟಿನ ಕಂಪನಿಗೆ ನಾನ ಹೋಗಿ ಕೊಟ್ಟೆ. ಈ ಸಲ "ನಿಮ್ಮ ಮನಿಯೊಳಗ" ಅನ್ನಲಿಲ್ಲ. ನಾಕ ದಿನಕ್ಕ ಒಬ್ಬ ಹುಡುಗ ಬಂದ. ಒಂದ ಲೈನಿಗೆ ಓಣಿಯ ಭಾಳ ಮನಿ ಕೂಡಿಸಿದ್ರಂತ, ಸಂಜಿಗೆ ಎಲ್ಲಾರೂ ಹಚ್ಚಿದಾಗ ಸಾಲ್ತಿರಲಿಲ್ಲ. ನಮ್ಮನ್ನ, ಬಾಜೂಕಿನ ಆರು ಮನಿಯವರನ್ನ ಬ್ಯಾರೆ ಲೈನಿಗೆ ಹಾಕಿದ. ಮೂರು ತಿಂಗಳಿಂದ ಬೈಸಿಕೊಳ್ಳಿಕ್ಕೆ ಹತ್ತಿದ್ದ ಹುಡುಗರು ಆ ಆರು ಮನ್ಯಾಗೂ ಇದ್ರು ಅಂತ ಆಮ್ಯಾಲೆ ತಿಳೀತು.

ಆ ಹೋದ ಕೆಲಸ ಹೊಳ್ಳಿ ಬರಲಿಲ್ಲ. ಹುಡುಗಿ ಬ್ಯಾರೆ ಕಡೆ ಅರ್ಜಿ ಹಾಕ್ಯಾಳ. ಭಾವಾವ್ರು ತಪ್ಪಾತು ಅಂತ ಬಾಯಿಬಿಟ್ಟು ಅನ್ನಲಿಲ್ಲ, ಅವರ ಸ್ವಭಾವದಾಗ ಅದು ಇಲ್ಲ. ಆದ್ರ ಅಕಿ ಇಂಟರ್‌ವ್ಯೂ ಇದ್ದ ದಿನಾ ಸಂಜಿ ತಾವ ಹೋಗಿ ಗ್ರಾಫ್ ನೋಡಿ ಬಂದು, "ಹಸರು ಅದವಾ, ಕೂಡು" ಅಂತಾರ.

ಅತ್ಯಾ ಈಗ ಮಧ್ಯಾಹ್ನ ರೌಟರ್ ಬಂದ್ ಮಾಡೂದಿಲ್ಲ. ತಿಂಗಳಿಗೆ ಎಷ್ಟು ಯೂನಿಟ್ ಆಗ್ತದ ಅಂತ ಒಮ್ಮೆ ಲೆಕ್ಕಾ ಕೇಳಿಕೊಂಡು, ಹಾಲಿನ ಕ್ಯಾಲೆಂಡರಿನ ಮೂಲ್ಯಾಗ ಬರದಿಟ್ಟಾರ.